ಉರಾಳರು ಗೋವೆ ಕಂಡದ್ದು

ಸಾಲಿಗ್ರಾಮದ ಗಣಪಯ್ಯ ಉರಾಳರು ಬಡಗಿಗೆ ಕುಂದಾಪುರದ ಕೋರ್ಟು, ತೆಂಕಿಗೆ ಉಡುಪಿಯ ರಥಬೀದಿ, ಈ ಎರಡರ ನಡುವೆ ಐವತ್ತು ವರ್ಷ ತೆಗೆದವರು. ಕೋರ್ಟಿಗೂ ಅವರು ಹೋದದ್ದು ಲೋಕ ನೋಡುವ ಆಸೆಯಿಂದಲ್ಲ, ನೆರೆಮನೆಯ ಕೃಷ್ಣಯ್ಯ ಮಯ್ಯರ ಬೇಲಿ ಒಂದು ಮೊಳ ಈಚೆ ಬಂದಿದೆ ಎಂಬ ವ್ಯಾಜ್ಯಕ್ಕೆ. ಹನ್ನೊಂದು ವರ್ಷ ನಡೆದ ಆ ವ್ಯಾಜ್ಯ, ಬೇಲಿಗೆ ಗೆದ್ದಲು ಹಿಡಿದು ಅದು ತಾನಾಗಿಯೇ ಬಿದ್ದ ಮೇಲೆ ರಾಜಿಯಲ್ಲಿ ಮುಗಿಯಿತು. ಇಂಥ ಅನುಭವಸ್ಥರು, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಡಿಸೆಂಬರಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕುಳಿತು, ತಾವು ಸಮುದ್ರ ಪ್ರವಾಸಕ್ಕೆ ಹೊರಟಿದ್ದೇವೆಂದು ಸಾರಿದರು.

ನಿಜವಾಗಿ ಅವರು ಹೊರಟದ್ದು ಮಗಳಿಗೆ ಗಂಡು ನೋಡಲು. ಹುಡುಗ ಬೊಂಬಾಯಿಯಲ್ಲಿ ಒಂದು ಮಿಲ್ಲಿನ ಕಚೇರಿಯಲ್ಲಿದ್ದ. ಅಲ್ಲಿಯೇ ಒಂದು ಹೋಟೆಲಿನ ಮೇಸ್ತ್ರಿಯಾಗಿದ್ದ ವೈಕುಂಠ, ಅಂದರೆ ಉರಾಳರ ಹೆಂಡತಿ ಗೋದಾವರಿಯ ತಮ್ಮ, ಸಂಬಂಧವನ್ನು ಮುಕ್ಕಾಲು ಕುದುರಿಸಿ ಭಾವನನ್ನು ಕರೆದೊಯ್ಯಲು ಬಂದಿದ್ದ. ಮಗಳು ಪಂಕಜಾಕ್ಷಿಗೆ ಹಿಂದೆ ಎರಡು ಸಂಬಂಧ ಬಂದು ತಪ್ಪಿದ್ದವು. ಒಂದು, ಹುಡುಗನ ತಂದೆಗೆ ಉರಾಳರು ಕಚ್ಚೆ ಉಡುವ ಕ್ರಮ ಹೇಳಿಕೊಟ್ಟದ್ದರಿಂದ. ಇನ್ನೊಂದು, ಹುಡುಗನ ಅಜ್ಜನ ಸಂಧ್ಯಾವಂದನೆಯಲ್ಲಿ ಮೂರು ತಪ್ಪು ಹಿಡಿದದ್ದರಿಂದ. ಇದು ಮೂರನೆಯದು. ಇದೂ ತಪ್ಪಿದರೆ ಮುಂದೆ ಯಾರೂ ಆ ಮನೆಯ ಮೆಟ್ಟಿಲು ಹತ್ತಲಾರರು ಎಂದು ಗೋದಾವರಿಗೆ ಗೊತ್ತಿತ್ತು. ಉರಾಳರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರು ಜಗಲಿಯಲ್ಲಿ ಭಾಷಣ ಮಾಡುತ್ತಿದ್ದರು.

"ಹಡಗ್ ಬಂದರ್ ಬಂದರಿಗೆ ನಿಲ್ತ್," ಎಂದರು ಅವರು. "ನಿಂತಲ್ಲೆಲ್ಲ ನಾ ಒಬ್ನೇ ಇಳಿತೆ, ಒಬ್ನೇ ಊರ್ ಕಾಣ್ತೆ. ದಲ್ಲಾಳಿ ಬ್ಯಾಡ, ಜತಿ ಬ್ಯಾಡ."

"ದಾರಿ ತಪ್ರೆ ಯಾರತ್ರ ಕೇಂತ್ರಿ?" ಎಂದರು ಕೃಷ್ಣಯ್ಯ ಮಯ್ಯರು.

"ಕೇಂಬುದ್ ಗುಲಾಮರ ಲಕ್ಷಣ ಮಯ್ಯರೇ. ದೇಶವೇ ಸ್ವತಂತ್ರ ಆಯ್ತ್. ನಾನೂ ಸ್ವತಂತ್ರವಾಗಿಯೇ ಕಾಣ್ತೆ. ಬಂದ್ ಮೇಲೆ ಒಂದೊಂದ್ ಬಂದರಿನ ಕತೆಯೂ ಇಲ್ಲೇ ಕೂತ್ ಹೇಳ್ತೆ."

ಜಗಲಿಯವರು ತಲೆದೂಗಿದರು. ಕೇಳಿದವರು ತಲೆದೂಗಿದರೆ ಹೇಳಿದವನು ಬೇಗ ಮುಗಿಸುತ್ತಾನೆಂಬುದು ಆ ಜಗಲಿಯ ನಂಬಿಕೆ. ಅದು ಒಮ್ಮೆಯೂ ನಿಜವಾಗಿರಲಿಲ್ಲ.

ಹಡಗು ಹತ್ತಲು ಗಂಗೊಳ್ಳಿಯೇ ಹತ್ತಿರ, ಕುಂದಾಪುರದಿಂದ ಹೊಳೆ ದಾಟಿದರೆ ಸಾಕು ಎಂದು ವೈಕುಂಠ ಹೇಳಿದ. ಉರಾಳರು ಒಪ್ಪಲಿಲ್ಲ. "ಮನೆ ಬಾಗ್ಲಲ್ಲೇ ಹತ್ರೆ ಅದ್ ಪ್ರಯಾಣವಾ? ಆ ಮೀನಿನ ವಾಸನೆ ಊರಿಗೆ ನಾ ಇಷ್ಟ್ ವರ್ಷ ಹೋಯ್ಲಿಲ್ಲೆ, ಇನ್ನೂ ಹೋತಿಲ್ಲೆ." ಗೋದಾವರಿಯ ಚಿಕ್ಕಪ್ಪನ ಮಗಳು ವನಮಾಲಾಳನ್ನು ಗಂಗೊಳ್ಳಿಗೆ ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಅವಳು ವರ್ಷವರ್ಷವೂ ಕರೆದರೂ ಉರಾಳರು ಒಮ್ಮೆಯೂ ಹೋಗಿರಲಿಲ್ಲ. ಆದ್ದರಿಂದ ದೋಣಿಯಲ್ಲಿ ಎರಡು ಕಡವು ದಾಟಿ, ಬಸ್ಸಿನಲ್ಲಿ ಕುಲುಕಾಡಿ, ತೆಂಕಿಗೆ ಮಲ್ಪೆಯವರೆಗೆ ಹೋಗಿ ಅಲ್ಲಿ ಹಡಗು ಹತ್ತಿದರು. ಉದ್ದ ಕೋಟು, ಮೊಟ್ಟೆಯಂಥ ಬೆಂಡಿನ ಟೋಪಿ, ಕ್ಯಾನ್ವಾಸ್ ಜೋಡು, ಕಂಕುಳಲ್ಲಿ ಕೊಡೆ. ಹೆಗಲಿಗೆ ಒಂದು ಚೀಲ, ಅದರಲ್ಲಿ ಹೆಂಡತಿ ಮಾಡಿಕೊಟ್ಟ ಕಷಾಯದ ಬಾಟ್ಲಿ.

ಮಲ್ಪೆಯ ಅಳಿವೆ ದಾಟಿದ್ದೇ ತಡ, ಸಮುದ್ರ ಪ್ರವಾಸಿಯ ಹೊಟ್ಟೆಯೂ ಸ್ವತಂತ್ರವಾಯಿತು. ಬೆಳಗಿನ ಅವಲಕ್ಕಿ ಮೊದಲು ಹೋಯಿತು, ಹಿಂದಿನ ದಿನದ ಊಟ ಅದರ ಬೆನ್ನಿಗೆ. ಕನ್ನಡಕ ನೀರಿಗೆ ಬಿದ್ದೀತೆಂದು ವೈಕುಂಠ ಅದನ್ನು ಕಳಚಿ ಟ್ರಂಕಿನಲ್ಲಿಟ್ಟ, ಮಗಳ ಜಾತಕದ ಪಕ್ಕದಲ್ಲಿ. ಆಮೇಲೆ ಹಡಗಿನ ಕಂಪೌಂಡರನ ಹತ್ತಿರ ಒಂದು ಗುಳಿಗೆ ತಂದು ಭಾವನಿಗೆ ನುಂಗಿಸಿದ. ಉರಾಳರು ಸತ್ತವರಂತೆ ಮಲಗಿದರು.

ಎಚ್ಚರವಾದಾಗ ಹಡಗು ನಿಂತಿತ್ತು. ಹೊತ್ತು ನೆತ್ತಿಗೆ ಬಂದಿತ್ತು. ವೈಕುಂಠ ಟ್ರಂಕಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದ. ಉರಾಳರು ಅವನನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ ಅವನು ಜೊತೆಗೆ ಬರುತ್ತಾನೆ, ಜೊತೆಗೆ ಬಂದರೆ ಸ್ವಾತಂತ್ರ್ಯ ಕೆಡುತ್ತದೆ. ಆದರೂ ಎಷ್ಟು ದೂರ ಬಂದೆವೆಂಬ ಅಂದಾಜು ಬೇಕಲ್ಲ! ಹಗ್ಗ ಸುತ್ತುತ್ತಿದ್ದ ಒಬ್ಬ ಖಲಾಸಿಯನ್ನು ಕಂಡು, ಅವರು ದಾರಿ ಕೇಳಲಿಲ್ಲ, ಹಿಂದಿಯಲ್ಲಿ 'ವಿಚಾರಿಸಿದರು': "ಕಾರವಾರ್?"

"ಕಾರವಾರ್ ಕಲ್," ಎಂದ ಖಲಾಸಿ, ತಲೆಯೆತ್ತದೆ.

ಉರಾಳರು ಮೂರು ತಿಂಗಳು ಹಿಂದಿ ಕ್ಲಾಸಿಗೆ ಹೋದವರು. ಹಿಂದಿಯಲ್ಲಿ ಕಲ್ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಆದರೆ ನಾಳೆಯ ಪಾಠ ಬರುವ ಹೊತ್ತಿಗೆ ಅವರು ಕ್ಲಾಸು ಬಿಟ್ಟಿದ್ದರು. ನಿನ್ನೆ! ಕಾರವಾರ ನಿನ್ನೆಯೇ ಹೋಯಿತು! ಹಾಗಾದರೆ ಒಂದು ಹಗಲು, ಒಂದು ರಾತ್ರಿ ನಿದ್ದೆಯಲ್ಲೇ ಕಳೆದಿದೆ. ಹೊಟ್ಟೆ ಹಸಿದು ಬೆನ್ನಿಗೆ ಹತ್ತಿದ್ದೇ ಅದಕ್ಕೆ ಸಾಕ್ಷಿ. ಕಾರವಾರ ದಾಟಿದ ಮೇಲೆ ಬರುವುದು ಯಾವುದು? ಗೋವೆ. ಪೋರ್ಚುಗೀಸರ ರಾಜ್ಯ. ಪರದೇಶ!

ಕೆಳಗೆ ದೋಣಿಗಳು ಕಾಯುತ್ತಿದ್ದವು. ಉರಾಳರು ಏಣಿ ಇಳಿದು ಒಂದರಲ್ಲಿ ಕುಳಿತರು. ದೋಣಿಯ ಬಚ್ಚ ಹುಟ್ಟು ಹಾಕುತ್ತಾ, ಟೋಪಿಯನ್ನೊಮ್ಮೆ ಜೋಡನ್ನೊಮ್ಮೆ ನೋಡಿ, "ಎಲ್ಲಿಂದ ಬಂದದ್ ಅಯ್ಯ?" ಎಂದ.

ಉರಾಳರಿಗೆ ರೋಮಾಂಚನವಾಯಿತು. ಗೋವೆಯಲ್ಲೂ ನಮ್ಮ ಕಡೆಯ ಮೊಗವೀರರು! ಹೊಟ್ಟೆಪಾಡು ಮನುಷ್ಯನನ್ನು ಎಲ್ಲೆಲ್ಲಿಗೆ ಒಯ್ಯುತ್ತದೆ ಎಂದು ಮರುಗಿದರು. ಆದರೆ ಪರದೇಶದಲ್ಲಿ ಊರ ಭಾಷೆ ಆಡಿದರೆ ತಲೆ ಬೋಳಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಗಂಭೀರವಾಗಿ, "ಬಹುತ್ ದೂರ್," ಎಂದರು.

"ಹಡಗ್ ಹೆಚ್ಚ್ ಹೊತ್ತ್ ನಿಲ್ತಿಲ್ಲೆ ಕಾಣಿ. ಮೂರ್ ಸಲ ಕೂಗ್ತ್. ಎರಡ್ನೇ ಕೂಗಿಗೆ ದಕ್ಕೆಯಲ್ಲಿ ಇರ್ಕ್," ಎಂದ ಬಚ್ಚ.

ಉರಾಳರು ಅರ್ಥವಾಗದವರಂತೆ ಸಮುದ್ರ ನೋಡಿದರು. ಅರ್ಥವಾಗದವರಂತೆ ನಟಿಸುವುದರಲ್ಲಿ ಅವರು ಎಷ್ಟು ಮುಳುಗಿದರೆಂದರೆ, ನಿಜವಾಗಿಯೂ ಅರ್ಥ ಮಾಡಿಕೊಳ್ಳಲಿಲ್ಲ.

ದಡಕ್ಕೆ ಬಂದರೆ ಎಲ್ಲವೂ ಗೋವೆಯೇ. ತೆಂಗಿನ ಮರಗಳ ಮೇಲೆ ಇಗರ್ಜಿಯ ಶಿಲುಬೆ ಕಾಣುತ್ತಿತ್ತು. ಅಂಗಡಿಯ ಕಾಮತಿ ಗಿರಾಕಿಯ ಹತ್ತಿರ ಕೊಂಕಣಿಯಲ್ಲಿ ಜಗಳವಾಡುತ್ತಿದ್ದ. ಬಲೆ ನೇಯುವ ಖಾರ್ವಿಗಳ ಮಾತೂ ಕೊಂಕಣಿ. ಗಂಗೊಳ್ಳಿಯಲ್ಲಿ ಮುನ್ನೂರು ವರ್ಷದಿಂದ ಇಗರ್ಜಿಯಿದೆ, ಊರಿನ ಅರ್ಧಕ್ಕೆ ಕೊಂಕಣಿಯೇ ಮನೆಮಾತು ಎಂಬುದನ್ನು ಕುಂದಾಪುರ ತಾಲೂಕಿನ ಮಗುವೂ ಬಲ್ಲದು. ಆದರೆ ಮಗು ಕೇಳಿ ತಿಳಿದುಕೊಂಡಿರುತ್ತದೆ. ಅಂಗಡಿಯ ನೆತ್ತಿಯ ಮೇಲೆ ಗಂಗೊಳ್ಳಿ ಎಂದು ಒನಕೆಯಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕನ್ನಡಕವಿಲ್ಲದ ಉರಾಳರಿಗೆ ಅದು ಪೋರ್ಚುಗೀಸಿನಂತೆ ಕಂಡಿತು.

ಮೀನಿನ ಮಾರ್ಕೆಟ್ಟಿನ ಮುಂದೆ ಅವರು ಮೂಗಿಗೆ ಶಾಲು ಒತ್ತಿ ನಿಂತು, ಪರದೇಶದ ಹೆಂಗಸರ ಉಡುಗೆಯನ್ನು ಪರೀಕ್ಷಿಸತೊಡಗಿದರು. ಬುಟ್ಟಿಯ ಮುಂದೆ ಕುಳಿತ ಬೆಳ್ಳಿ ಎಂಬವಳಿಗೆ ಅದು ಸರಿ ಕಾಣಲಿಲ್ಲ.

"ಹ್ವಾಯ್, ಎಂತ ಕಾಣ್ತ್ರಿ? ಮೀನ್ ಕಾಂಬುದಾರೆ ಬುಟ್ಟಿ ಕೆಳಗಿತ್ತ್!"

ಸುತ್ತಲಿನವರು ನಕ್ಕರು. ಉರಾಳರು ಟೋಪಿ ಎತ್ತಿ, "ಗೋವಾ ಬಹುತ್ ಸುಂದರ್," ಎಂದರು.

"ಯಾರಿಗೆ ಸುಂದರಿ ಅಂಬುದ್ ಇವ?" ಎಂದು ಬೆಳ್ಳಿ ಬಂಗುಡೆ ಹಿಡಿದೇ ಎದ್ದಳು. ಸಮುದ್ರ ಪ್ರವಾಸಿ ಕೊಡೆ ಬಿಚ್ಚಿ ಅಡ್ಡ ಹಿಡಿದುಕೊಂಡು ಹಿಂದೆ ಸರಿದರು. ಬಂಗುಡೆ ಕೊಡೆಗೆ ತಾಗಿ ಜಾರಿತು. ಮಡಿವಂತರ ಪುಣ್ಯ, ಮೈಗೆ ಬೀಳಲಿಲ್ಲ.

ಪರದೇಶಕ್ಕೆ ಕಾಲಿಟ್ಟವನು ಸರಕಾರಕ್ಕೆ ಮುಖ ತೋರಿಸಬೇಕೆಂದು ಅವರು ಎಲ್ಲೋ ಕೇಳಿದ್ದರು. ದೋಣಿ ನಿಲ್ಲುವ ದಕ್ಕೆಯ ಪಕ್ಕದಲ್ಲಿ ಸುಂಕದ ಗುಮಾಸ್ತ ನಾಗಪ್ಪಯ್ಯ ಊಟ ಮುಗಿಸಿ ತೂಕಡಿಸುತ್ತಿದ್ದರು. ಉರಾಳರು ಯಾರೂ ಕರೆಯದೆ ಒಳಗೆ ಹೋಗಿ, ಮೇಜಿನ ಮುಂದೆ ನೆಟ್ಟಗೆ ನಿಂತು, ಹಿಂದಿಯ ಮೂರು ತಿಂಗಳನ್ನೂ ಒಟ್ಟುಗೂಡಿಸಿ ಹೇಳಿದರು: "ಹಮ್... ಗೋವಾ... ಜಹಾಜ್... ಆಯಾ."

ನಾಗಪ್ಪಯ್ಯನವರ ನಿದ್ದೆ ಹಾರಿತು. ಗೋವೆಯಿಂದ ಬಂದವನು! ಅಲ್ಲಿಂದ ಹೆಂಡ ಕದ್ದು ತರುವವರು ಹಿಂದಿನ ಬಾಗಿಲಿನಿಂದ ಹೋಗುವುದನ್ನು ಅವರು ಕಂಡಿದ್ದರು. ಎದುರು ಬಂದು ನಿಂತು ತಾನೇ ಒಪ್ಪಿಕೊಳ್ಳುವವನನ್ನು ಕಂಡದ್ದು ಇದೇ ಮೊದಲು.

"ಮಂಜಾ, ಕದ ಹಾಕ್," ಎಂದರು ಪೇದೆಗೆ. "ಹಡಗ್ ಬಂದದ್ ತೆಂಕಿಂದ. ಈ ಮನ್ಷ ಬಂದದ್ ಬಡಗಿಂದ ಅಂಬ್ರ್. ಇದ್ರಲ್ಲಿ ಏನೋ ಇತ್ತ್. ಚೀಲ ಬಿಚ್ಚ್."

ಗೋವೆ ಸರಕಾರದ ಕಚೇರಿಯಲ್ಲೂ ನಮ್ಮವರೇ ಎಂದು ಉರಾಳರು ಒಳಗೊಳಗೇ ಹಿಗ್ಗಿದರು. ಅಷ್ಟರಲ್ಲಿ ಮಂಜ ಚೀಲದಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಕಂದು ಬಣ್ಣದ ನೀರು.

"ಇದೆಂತ?"

"ಔಷಧ್," ಎಂದರು ಉರಾಳರು.

"ಗೋವೆಯಿಂದ ಬಪ್ಪುದೆಲ್ಲ ಔಷಧವೇ," ಎಂದು ನಾಗಪ್ಪಯ್ಯ ಬೂಚು ತೆಗೆದು ಮೂಸಿದರು. ಮೂಗಿಗೆ ಗೊತ್ತಾಗಲಿಲ್ಲ. ಕರ್ತವ್ಯನಿಷ್ಠರು, ಬಾಟ್ಲಿ ಎತ್ತಿ ಒಂದು ಬಾಯಿ ತುಂಬ ಕುಡಿದೇಬಿಟ್ಟರು.

ಗೋದಾವರಿಯ ಕಷಾಯದಲ್ಲಿ ಶುಂಠಿ, ಕಾಳುಮೆಣಸು, ಸಾಲದ್ದಕ್ಕೆ ಒಂದು ಹಿಡಿ ಕಡುಕಹಿಯ ಕಿರಾತಕಡ್ಡಿ ಇತ್ತು. ನಾಗಪ್ಪಯ್ಯನವರ ಕಣ್ಣು ಮೊದಲು ದೊಡ್ಡದಾಯಿತು, ಆಮೇಲೆ ಮುಚ್ಚಿತು. ಅವರು ಮೇಜನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಮಂಜ ಚೊಂಬಿನಲ್ಲಿ ನೀರು ತಂದು ಬಾಯಿಗೆ ಹಿಡಿದ. ಹೊರಗೆ ಹಡಗು ಒಂದು ಸಲ ಕೂಗಿತು.

"ಬಿಡ್ ಅವನ್ನ," ಎಂದರು ನಾಗಪ್ಪಯ್ಯ, ಸ್ವರ ಬಂದ ಮೇಲೆ. "ಇದನ್ನ ಕುಡ್ದ್ ಅಮಲ್ ಏರುದಾರೆ ಏರ್ಲಿ. ಇದಕ್ಕೆ ಸುಂಕ ಇಲ್ಲೆ, ಪಾಪ."

ಉರಾಳರು ಬಾಟ್ಲಿ ಚೀಲಕ್ಕೆ ಹಾಕಿ ಹೊರಗೆ ಬಂದಾಗ ಹಸಿವು ತಡೆಯದಾಗಿತ್ತು. ಹಡಗಿನ ಎರಡನೆಯ ಕೂಗು ಕೇಳಿಸಿತು. ಅದನ್ನವರು ಇಗರ್ಜಿಯ ಶಂಖವೆಂದು ತಿಳಿದರು. ಕ್ರಿಸ್ತಾನರು ಶಂಖ ಊದುತ್ತಾರೆಯೇ ಎಂಬ ಸಂಶಯ ಬಂತು. ಗೋವೆಯವರು ಊದಬಹುದು ಎಂಬ ಸಮಾಧಾನವೂ ಬಂತು. ಹೊಳೆಯ ದಂಡೆಗುಂಟ ನಡೆದರೆ ಒಂದು ಕಾಫಿ ಹೋಟೆಲು, ಅದರ ಪಕ್ಕಕ್ಕೆ ಮನೆ, ಅಂಗಳದಲ್ಲಿ ತುಳಸಿಕಟ್ಟೆ. ಒಳಗಿನಿಂದ ಹುಳಿಯ ಒಗ್ಗರಣೆಯ ಪರಿಮಳ. ಮ್ಲೇಚ್ಛರ ರಾಜ್ಯದಲ್ಲಿ ಬ್ರಾಹ್ಮಣರ ಮನೆ! ಉರಾಳರ ಕಣ್ಣು ತುಂಬಿತು. ಅಂಗಳದಲ್ಲಿ ನಿಂತು ಕೈಮುಗಿದು, "ಹಮ್ ಪರದೇಸಿ. ಭೋಜನ್," ಎಂದರು.

ಹಪ್ಪಳ ತೆಗೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಟೋಪಿಯ ಕೆಳಗಿನ ಮುಖವನ್ನು ಇನ್ನೊಮ್ಮೆ ನೋಡಿದಳು.

"ಅಯ್ಯೋ, ಗಣಪಯ್ಯ ಭಾವ ಅಲ್ದಾ! ಬನಿ ಬನಿ. ಇಪ್ಪತ್ ವರ್ಷದ್ ಮೇಲೆ ನಮ್ಮನಿ ದಾರಿ ಕಂಡಿತ್ ಕಾಣಿ!"

ಉರಾಳರು ಬೆರಗಾಗಿ, ಹಿಂದಿ ಮರೆತು, "ವನಮಾಲಾ! ನೀನ್ ಗೋವೆಗೆ ಯಾವತ್ ಬಂದದ್ ಹೆಣ್ಣೇ? ನಿನ್ನ ಗಂಗೊಳ್ಳಿಗಲ್ದಾ ಕೊಟ್ಟದ್ದ್?" ಎಂದರು.

"ಎಂತ ಗೋವೆ?"

"ಇದ್ ಗೋವೆ ಅಲ್ದಾ?"

ವನಮಾಲಾ ಕೈಯಲ್ಲಿದ್ದ ಹಪ್ಪಳವನ್ನು ಬುಟ್ಟಿಗೆ ಹಾಕಿದಳು. ಭಾವನ ತೋಳು ಹಿಡಿದು ಮನೆಯ ಮೂಲೆಗೆ ಕರೆದೊಯ್ದು, ಹೊಳೆಯಾಚೆ ಕೈ ತೋರಿಸಿದಳು. "ಕಣ್ಣ್ ಸಣ್ಣ ಮಾಡಿ ಕಾಣಿ. ಅದ್ ಕುಂದಾಪ್ರ. ನೀವ್ ಹನ್ನೊಂದ್ ವರ್ಷ ಕೋರ್ಟಿಗೆ ಅಲೆದ್ರಲೆ, ಅದೇ ಕುಂದಾಪ್ರ."

ಉರಾಳರು ಕಣ್ಣು ಸಣ್ಣ ಮಾಡಿದರು. ನೋಡುತ್ತಿದ್ದಂತೆ ಅಲ್ಲಿಯೇ ಒರಳಿನ ಮೇಲೆ ಕುಳಿತರು. ಹಡಗು ಮೂರನೆಯ ಸಲ ಕೂಗಿತು.

ಜೋಡು ಕೈಯಲ್ಲಿ ಹಿಡಿದು ದಕ್ಕೆಗೆ ಓಡಿದರು. ಬೆಳ್ಳಿ, "ಸುಂದರಿ ಅಂದವ ಓಡ್ತಾ ಇದ್ದ!" ಎಂದು ಕೂಗಿದಳು. ಬಚ್ಚ ದೋಣಿಯನ್ನು ಮೇಲಕ್ಕೆ ಎಳೆಯುತ್ತಿದ್ದ. ಅಳಿವೆಯ ಆಚೆ ಹಡಗು ಹೊಗೆ ಬಿಟ್ಟು ಬಡಗಿಗೆ ಮುಖ ಮಾಡಿತ್ತು.

"ದೋಣಿ ಬಿಡ್ ಮಾರಾಯಾ! ಮಗಳ ಜಾತಕ ಅದ್ರಲ್ಲಿತ್ತ್!"

"ಓಹೋ, ಅಯ್ಯನಿಗೆ ನಮ್ ಮಾತ್ ಬತ್ತಾ?" ಎಂದ ಬಚ್ಚ. "ಎರಡ್ನೇ ಕೂಗಿಗೇ ಬರ್ಕ್ ಅಂತ ನಾ ಹೇಳಿದ್ನಲೆ. ಈಗ ಅದ್ರ ಹಿಂದೆ ಹೋಪುಕೆ ನಾ ಎಂತ ಆಂಜನೇಯನಾ?"

ಉರಾಳರು ಮರಳಿನ ಮೇಲೆ ಕುಳಿತರು. ಹುಡುಗನ ತಂದೆ ನಾಲ್ಕು ದಿನದಲ್ಲಿ ಊರಿಗೆ ಹೊರಡುವವರಿದ್ದರು. ಹೆಣ್ಣಿನ ತಂದೆ ಬಾರದಿದ್ದರೆ ಯಾವ ಮರ್ಯಾದಸ್ಥರು ಮಾತು ಕೊಡುತ್ತಾರೆ? ಪಂಕಜಾಕ್ಷಿಯ ಮುಖ ಕಣ್ಣೆದುರು ಬಂದು, ಪ್ರಾಮಾಣಿಕವಾದ ಎರಡು ತೊಟ್ಟು ನೀರು ಅವರ ಗಡ್ಡಕ್ಕಿಳಿಯಿತು. ಅದರ ಹಿಂದೆಯೇ ಜಗಲಿಯವರ ಮುಖಗಳು ಬಂದವು. ಆಗ ಇಳಿದ ನೀರಿಗೆ ಲೆಕ್ಕವಿಲ್ಲ.

ಊರಿಗೆ ಹೋಗಲು ಒಂದು ಹೊಳೆ, ಒಂದು ಬಸ್ಸು ಸಾಕು. ಕತ್ತಲಾಗುವ ಮೊದಲೇ ಮನೆ ಮುಟ್ಟಬಹುದು. ಅದೇ ತಾಪತ್ರಯ! ಬೆಳಿಗ್ಗೆ ಹಾರ ಹಾಕಿಸಿಕೊಂಡು ಬೊಂಬಾಯಿಗೆ ಹೋದವನು ಸಂಜೆ ಬಂದರೆ ಏನೆಂದಾರು? ಉರಾಳರು ಹದಿನೈದು ದಿನ ವನಮಾಲಾಳ ಮನೆಯಲ್ಲೇ ಅಡಗುವುದೆಂದು ತೀರ್ಮಾನಿಸಿದರು. ವನಮಾಲಾಳ ಗಂಡ ಹೊಳ್ಳರು ಕಡಿಮೆ ಮಾತಿನವರು. "ಇರಿ. ಕೆಲ್ಸಕ್ಕೂ ಜನ ಬೇಕಿತ್ತ್," ಎಂದರು. ಮರುದಿನದಿಂದ ಸಮುದ್ರ ಪ್ರವಾಸಿ ಬೆಳಿಗ್ಗೆ ಇಡ್ಲಿಗೆ ರುಬ್ಬಿ, ಮಧ್ಯಾಹ್ನ ತೆಂಗಿನಕಾಯಿ ತುರಿದು, ಸಂಜೆ ಕಾಫಿ ಕೊಟ್ಟರು. ವನಮಾಲಾ ಇಪ್ಪತ್ತು ವರ್ಷದ ಸಿಟ್ಟನ್ನೆಲ್ಲ ಅರೆಯುವ ಕಲ್ಲಿನ ಮೇಲೆ ತೀರಿಸಿಕೊಂಡಳು.

ಆರನೆಯ ದಿನ ಹೋಟೆಲಿಗೆ ಒಬ್ಬ ಗಿರಾಕಿ ಬಂದು ಕೂತು, "ಒಂದ್ ಕಾಪಿ," ಎಂದರು. ಉರಾಳರು ಲೋಟ ಹಿಡಿದು ಬಂದರೆ, ಎದುರಿಗೆ ಕೃಷ್ಣಯ್ಯ ಮಯ್ಯರು! ದೇವಸ್ಥಾನಕ್ಕೆ ಚಿಪ್ಪಿನ ಸುಣ್ಣ ಒಯ್ಯಲು ಬಂದವರು. ಓಡಲು ದಾರಿಯಿಲ್ಲ. ಉರಾಳರು ತಲೆಗೆ ಸುತ್ತಿದ್ದ ಬೈರಾಸನ್ನು ಹುಬ್ಬಿನವರೆಗೆ ಎಳೆದುಕೊಂಡು, ಲೋಟವಿಟ್ಟು, "ಗರಮ್ ಹೈ," ಎಂದರು.

ಮಯ್ಯರು ಆ ಮುಖವನ್ನು ನೋಡಿದರು. ಹನ್ನೊಂದು ವರ್ಷ ಎದುರು ಕಕ್ಷಿಯಾಗಿ ನೋಡಿದ ಮುಖ. "ನೀವ್ ಈ ಊರಿನವರಲ್ದಾ?" ಎಂದರು.

"ಕನ್ನಡ ನಹೀ," ಎಂದರು ಉರಾಳರು.

"ಪಾಪ," ಎಂದರು ಮಯ್ಯರು. ಕಾಫಿ ಕುಡಿದರು. ಏಳುವಾಗ ಒಂದು ಬಟ್ಟೆಯ ಗಂಟನ್ನು ವನಮಾಲಾಳ ಕೈಗೆ ಕೊಟ್ಟು ಹೋದರು. ಆ ಸಂಜೆ ಮೀಯುವಾಗ ಉರಾಳರಿಗೆ ಉಡಲು ಸಿಕ್ಕಿದ ಪಂಚೆಯ ಅಂಚಿನಲ್ಲಿ ಸಾಲಿಗ್ರಾಮದ ಮಡಿವಾಳನ ಗುರುತಿತ್ತು. ಅದು ಇಲ್ಲಿಗೆ ಹೇಗೆ ಬಂತೆಂದು ಅವರು ಯೋಚಿಸಿದರು. ಕೇಳಲಿಲ್ಲ.

ಹದಿನಾರನೆಯ ದಿನ ಅವರು ಕೋಟು ಟೋಪಿ ತೊಟ್ಟು ಸಾಲಿಗ್ರಾಮದ ಬಸ್ಸಿನಿಂದ ಇಳಿದರು. ಸಂಜೆಯ ಹೊತ್ತಿಗೆ ಮನೆಯ ಚಾವಡಿಯಲ್ಲಿ ಜನ ತುಂಬಿದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಎಲ್ಲರೂ ಪುರಾಣಕ್ಕೆ ಕುಳಿತವರ ಹಾಗೆ ಕುಳಿತಿದ್ದರು. ಒಳಗೆ ಗೋದಾವರಿ ಪಾಯಸಕ್ಕೆ ಇಟ್ಟಿದ್ದಳು. ಗಂಡ ಬಂದದ್ದಕ್ಕೆ ಪಾಯಸವೆಂದು ಉರಾಳರು ಎದೆಯುಬ್ಬಿಸಿ ಕತೆ ಸುರು ಮಾಡಿದರು.

"ಗೋವೆ ಅಂದ್ರೆ ಸಾಮಾನ್ಯದ ಊರಲ್ಲ. ಇಗರ್ಜಿಯಲ್ಲಿ ಶಂಖ ಊದ್ತ್ರ್. ಸುಂಕದವರ್ ನನ್ನ ಕಂಡ್ ಎದ್ದೇ ನಿಂತ್ರ್."

"ಕಾಪಿ ಹ್ಯಾಂಗಿತ್ತ್ ಅಲ್ಲಿ?" ಎಂದು ಮಯ್ಯರು ಬಹಳ ಆಸಕ್ತಿಯಿಂದ ಕೇಳಿದರು.

"ಒಳ್ಳೇದಿತ್ತ್. ಮಾಡುವವ ಒಳ್ಳೆಯವ," ಎಂದರು ಉರಾಳರು.

ಅಷ್ಟರಲ್ಲಿ ಟಪ್ಪಾಲಿನ ಸೂರ ಬಂದು ಬೊಂಬಾಯಿಯ ಒಂದು ಕಾಗದ ಕೊಟ್ಟ. ಉರಾಳರ ಕನ್ನಡಕ ಬೊಂಬಾಯಿಯಲ್ಲೇ ಇತ್ತು. ಅವರು ಬೇಡವೆನ್ನುವ ಮೊದಲೇ ಮಯ್ಯರು ಕಾಗದ ತೆಗೆದುಕೊಂಡು, ಕೋರ್ಟಿನಲ್ಲಿ ಸಾಕ್ಷಿ ಓದುವವರಂತೆ ಗಟ್ಟಿಯಾಗಿ ಓದಿದರು:

"ಅಕ್ಕನಿಗೆ ವೈಕುಂಠನ ನಮಸ್ಕಾರಗಳು. ಭಾವ ಗಂಗೊಳ್ಳಿಯಲ್ಲಿ ಇಳಿದವರು ಮತ್ತೆ ಹಡಗು ಹತ್ತಲಿಲ್ಲ, ವನಮಾಲಕ್ಕನ ಮನೆಯಲ್ಲಿ ಕ್ಷೇಮವೆಂದು ನೀನು ಬರೆದದ್ದು ತಲುಪಿತು. ನಾನು ಒಬ್ಬನೇ ಜಾತಕ ಹಿಡಿದು ಹೋದೆ. ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದರು. ಅವರು ಸಂಕೋಚದ ಮನುಷ್ಯ, ಇಂಥ ಕಡೆ ಬಂದು ಮಾತಾಡುವವರಲ್ಲ ಎಂದೆ. ಹುಡುಗನ ತಂದೆಗೆ ಬಹಳ ಸಂತೋಷವಾಯಿತು. ಬೀಗರೆಂದರೆ ಹೀಗಿರಬೇಕು ಎಂದರು. ತಂತಿಯಲ್ಲಿ ತಿಳಿಸಿದಂತೆ ಮಾತು ಪಕ್ಕಾ ಆಗಿದೆ. ಮಾಘದಲ್ಲಿ ಮದುವೆ. ಅಲ್ಲಿಯವರೆಗೆ ಭಾವನನ್ನು ಯಾರಿಗೂ ತೋರಿಸಬೇಡ."

ಬಾಗಿಲ ಸಂದಿಯಲ್ಲಿ ಪಂಕಜಾಕ್ಷಿಯ ಬಳೆ ಸದ್ದಾಗಿ ನಿಂತಿತು. ಎಲ್ಲರೂ ಉರಾಳರನ್ನೇ ನೋಡುತ್ತಿದ್ದರು. ಅವರು ಎಲೆಗೆ ಸುಣ್ಣ ಸವರಿದರು, ಅಡಿಕೆ ಇಟ್ಟರು, ಮಡಚಿ ಬಾಯಿಗೆ ಹಾಕಿಕೊಂಡರು. ಅಗಿದರು. ಮಗಳಿಗೆ ಗಂಡು ಗೊತ್ತಾದ ಸಂತೋಷ ಒಂದು ದವಡೆಯಲ್ಲಿ, ಮಾನ ಹೋದ ಸಂಕಟ ಇನ್ನೊಂದರಲ್ಲಿ. ಆಮೇಲೆ ಅಂಗಳಕ್ಕೆ ಉಗುಳಿ ಬಂದು ಕುಳಿತರು.

"ಹ್ಞಾ, ಮಾತ್ ಎಲ್ಲಿಗ್ ಬಂದಿತ್ತ್?" ಎಂದರು. "ಗೋವೆ ಆಯ್ತ್. ಗೋವೆ ಬಿಟ್ಟ್ ಮೇಲೆ ಸಿಕ್ಕುದ್ ರತ್ನಾಗಿರಿ. ನಾ ಒಬ್ನೇ ಇಳ್ದೆ. ಅಲ್ಲಿನ ಮಾವಿನಹಣ್ಣ್ ತಿಂಬುಕೆ ಪುಣ್ಯ ಬೇಕ್."

"ಈ ಚಳಿಯಲ್ಲಿ ಮಾವಿನಹಣ್ಣಾ?" ಎಂದರು ಮಯ್ಯರು.

"ಅಲ್ಲಿ ವರ್ಷ ಪೂರ್ತಿ ಬಿಡ್ತ್ ಮಯ್ಯರೇ."

ಪಾಯಸದ ಪರಿಮಳ ಚಾವಡಿಗೆ ಬಂದಿತ್ತು. ಆದ್ದರಿಂದ ಒಬ್ಬರೂ ಏಳಲಿಲ್ಲ, ಎಲ್ಲರೂ ತಲೆದೂಗಿದರು. ಒಳಗೆ ಬಾಳೆಲೆ ಒರೆಸುತ್ತಿದ್ದ ಮಗಳಿಗೆ ಗೋದಾವರಿ ಒಲೆಯ ಮುಂದಿನಿಂದಲೇ ಹೇಳಿದಳು:

"ಎಲೆ ಈಗ್ಲೇ ಹಾಕ್ಬೇಡ ಮಗಾ. ನಿನ್ನ ಅಪ್ಪಯ್ಯ ಬೊಂಬಾಯಿ ಮುಟ್ಟುಕೆ ಇನ್ನೂ ಸುಮಾರ್ ಹೊತ್ತಿತ್ತ್."